ಬಿಸಿ ತಾಗುವ ತನಕ

ಅರುವತ್ತನಾಲ್ಕರ ಜೂನ್ ತಿಂಗಳ ಮೊದಲ ವಾರ ಮೈಸೂರಿನಿಂದ ನನ್ನ ಗುರುಗಳ ಲಕೋಟೆ ಬಂತು. ಒಳಗೆ ದಪ್ಪ ಕಾಗದದ ಇಪ್ಪತ್ತು ಚೀಟಿಗಳಿದ್ದವು. ಪ್ರತಿ ಚೀಟಿಯ ತಲೆಯಲ್ಲಿ ಒಂದು ಹಳೆಯ ಪದ. ಅದರ ಕೆಳಗೆ ತುಂಬಲು ಬಿಟ್ಟ ಜಾಗ: ಅರ್ಥ, ಪ್ರಯೋಗ, ಹೇಳಿದವರು, ಊರು.

ಜೊತೆಗಿದ್ದ ಕಾಗದದಲ್ಲಿ ಹೀಗೆ ಬರೆದಿದ್ದರು: ‘ಇವೆಲ್ಲ ಹಳಗನ್ನಡದ ಪದಗಳು. ಇವುಗಳಲ್ಲಿ ಎಷ್ಟು ಇನ್ನೂ ಜನರ ಬಾಯಲ್ಲಿ ಉಳಿದಿವೆ ಎಂದು ನೋಡಬೇಕಾಗಿದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಲ್ಲಿ ನೀನೊಬ್ಬಳೇ ನನಗೆ ಗೊತ್ತಿರುವವಳು. ಒಂದು ನಿಯಮ ಮರೆಯಬೇಡ. ಪ್ರಯೋಗ ಎಂಬಲ್ಲಿ ಇನ್ನೊಬ್ಬರು ಆಡಿದ ಮಾತನ್ನೇ ಬರೆಯಬೇಕು. ಸಂಗ್ರಹಿಸುವವರು ತಾವೇ ವಾಕ್ಯ ಕಟ್ಟಕೂಡದು. ಈ ಕೆಲಸದಿಂದ ನಿನ್ನ ಮನಸ್ಸಿಗೂ ಸ್ವಲ್ಪ ಒಳ್ಳೆಯದಾದೀತು.’

ಹತ್ತೊಂಬತ್ತು ಚೀಟಿಗಳನ್ನು ಒಂದು ತಿಂಗಳಲ್ಲಿ ಮುಗಿಸಿದೆ. ಒಂದು ಉಳಿಯಿತು. ಅದರ ತಲೆಯಲ್ಲಿ ‘ಸೆಡೆ’ ಎಂದಿತ್ತು.

ಅರ್ಥಕ್ಕಾಗಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಚಳಿಗೆ ಮೈಯೋ ಕೈಕಾಲೋ ಬಿಗಿದು, ಮರಗಟ್ಟಿ, ತನ್ನದಲ್ಲ ಎನ್ನುವಂತಾಗುವುದು. ಯಾರ ಬಾಯಲ್ಲಿ ಕೇಳಿದ್ದೆ ಎಂಬುದೂ ಗೊತ್ತಿತ್ತು. ಅದಕ್ಕೇ ಬರೆಯಲಿಲ್ಲ.

ಆಗ ನಾನು ರಿಪ್ಪನ್‌ಪೇಟೆಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಬಸ್ಸು ನಿಲ್ಲುವ ಜಾಗದ ಹಿಂದೆ ಎರಡು ಕೋಣೆಯ ಮನೆ. ಜೊತೆಗೆ ನನ್ನ ಅತ್ತೆ ಗುತ್ಯಮ್ಮ ಇದ್ದರು. ಅವರ ಹಿರಿಯ ಮಗ ದುಗ್ಗಪ್ಪ ಬಾವ ಆನಂದಪುರದ ಹತ್ತಿರದ ಹಳ್ಳಿಯಲ್ಲಿ ಗೇಣಿ ಗದ್ದೆ ಮಾಡುತ್ತಿದ್ದರು. ಅತ್ತೆ ಅಲ್ಲಿರದೆ ನನ್ನ ಜೊತೆ ಬಂದು ಇದ್ದದ್ದಕ್ಕೆ ಕಾರಣ ಒಂದೇ. ಕಿರಿಯ ಮಗನ ಕಾಗದಗಳು ನನ್ನ ಹತ್ತಿರ ಇದ್ದವು. ಅವರಿಗೆ ಓದು ಬರುತ್ತಿರಲಿಲ್ಲ.

ಕಿರಿಯ ಮಗನೆಂದರೆ ಕನ್ನಪ್ಪ, ನನ್ನ ಗಂಡ. ತೀರ್ಥಹಳ್ಳಿಯಲ್ಲಿ ನಮ್ಮ ಅಪ್ಪ ರಾಮಚಂದ್ರಪ್ಪ ಮೇಷ್ಟ್ರ ಹತ್ತಿರ ಓದಿದವರು. ಸೈನ್ಯದ ವೈರ್‌ಲೆಸ್ ವಿಭಾಗದಲ್ಲಿದ್ದರು. ಮದುವೆಯಾಗಿ ಒಂದೂವರೆ ವರ್ಷದಲ್ಲಿ ನಾವು ಒಟ್ಟಿಗೆ ಇದ್ದದ್ದು ಎರಡು ರಜೆ. ಅರುವತ್ತೆರಡರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಅದಕ್ಕೂ ಮೊದಲು, ಅಕ್ಟೋಬರ್‌ನಲ್ಲಿ, ಅವರ ಕೊನೆಯ ಕಾಗದ ಬಂದಿತ್ತು. ಆಗ ನಾನು ಆನಂದಪುರದ ಮನೆಯಲ್ಲಿದ್ದೆ. ಮಧ್ಯಾಹ್ನ, ಮನೆಯಲ್ಲಿ ಅತ್ತೆ ಮತ್ತು ನಾನು ಇಬ್ಬರೇ. ಅತ್ತೆ ಹುರುಳಿ ಕೇರುತ್ತಿದ್ದರು. ನಾನು ಗಟ್ಟಿಯಾಗಿ ಓದಿದೆ.

‘ಲಡಾಖಿನಲ್ಲಿದ್ದೇವೆ. ಕಲ್ಲು ಬಿಟ್ಟರೆ ಬೇರೆ ಏನೂ ಇಲ್ಲ. ಮರ ನೋಡಿ ತಿಂಗಳಾಯಿತು. ರಾತ್ರಿ ಪಹರೆ ಮುಗಿಸಿ ಬರುವಾಗ ಎರಡು ಕಾಲೂ ಸೆಡೆತು ಹೋಗಿರುತ್ತವೆ. ಅವ್ವನಿಗೆ ಹೇಳು, ನಟ್ಟಿ ಮಾಡಿ ಗದ್ದೆಯಿಂದ ಬಂದ ಹಾಗಿರುತ್ತದೆ ಎಂದು.’

ಅತ್ತೆ ಮೊರ ಕೆಳಗಿಟ್ಟು ನಕ್ಕರು.

“ನಟ್ಟಿ ಮಾಡಕ್ಕೆ ಇವ ಯಾವತ್ತು ಗದ್ದೆಗೆ ಇಳಿದಿದ್ದನೇ? ಅಂಚಿನ ಮೇಲೆ ಕೂತ್ಕಂಡು ಹೆಣ್ಮಕ್ಕಳಿಗೆ ಪದ ಹೇಳ್ಕೊಡೋನು. ಕಾಲಿಗೆ ಒಂಚೂರು ಕೆಸರು ತಾಗಿದ್ರೆ ರಕ್ತ ಹೀರೋ ಉಂಬಳ ಹತ್ತಿದಂಗೆ ಕುಣಿಯೋನು.”

“ಈಗ ಚಳಿಯಂತೆ ಅತ್ತೆ.”

“ಚಳಿ ಯಾರಿಗಿಲ್ಲ ಮಾರಾಯ್ತಿ? ಬರಿ ಮಗಾ, ನಾ ಹೇಳ್ತೀನಿ. ಬೆಂಕಿ ಹಾಕಿ ಸೆಡೆತ ಕಾಲು ಹಿಡಿಬೇಕು. ಬಿಸಿ ತಾಗೋ ತಂಕ ತೆಗಿಬಾರ್ದು. ಅರೆಬರೆ ಕಾಸಿ ತೆಗೆದ್ರೆ ಚಳಿ ಎಲುಬಿನೊಳಗೆ ಕೂತ್ಕಂತದೆ. ಆಮೇಲೆ ಜಲ್ಮ ಇಡೀ ನೋವು. ಹಂಗಂತ ಬರಿ.”

ಇದು ಅತ್ತೆ ಕಟ್ಟಿ ಹೇಳಿದ ಮಾತಲ್ಲ. ಆ ಕಡೆ ನಟ್ಟಿ ಮಾಡುವ ಹೆಂಗಸರೆಲ್ಲರ ನಿಯಮ. ಮದುವೆಯಾದ ವರ್ಷ ನಾನೇ ನೋಡಿದ್ದೆ. ಬೆಳಗಿನಿಂದ ನೀರಿನಲ್ಲಿ ಸಸಿ ನೆಟ್ಟವರು ಊಟದ ಹೊತ್ತಿಗೆ ಮೇಲೆ ಬರುತ್ತಿದ್ದರು. ಬೆರಳುಗಳನ್ನು ಬಿಡಿಸಲು ಬರುತ್ತಿರಲಿಲ್ಲ. ತುತ್ತು ಹಿಡಿಯಲು ಆಗುತ್ತಿರಲಿಲ್ಲ. ಬೆಂಕಿಯ ಸುತ್ತ ಕೂತು ಎಲ್ಲರೂ ಕೈ ಚಾಚುತ್ತಿದ್ದರು. ಬಿಸಿ ಗೊತ್ತಾದವಳು ‘ತಾಗ್ತು’ ಎಂದು ಕೂಗಿ ಏಳಬೇಕು. ಕೂಗದೆ ಎದ್ದವಳನ್ನು ಬೈದು ಮತ್ತೆ ಕೂರಿಸುತ್ತಿದ್ದರು. ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತೂ ಬೇಕಾಗುತ್ತಿರಲಿಲ್ಲ. ತಾಗ್ತು, ತಾಗ್ತು ಎಂದು ಒಬ್ಬೊಬ್ಬರೇ ಏಳುತ್ತಿದ್ದರು.

ನಾನು ಬರೆದೆ. ಅತ್ತೆ ಹೇಳಿದ್ದನ್ನು ಹಾಗೆಯೇ ಬರೆಯಲಿಲ್ಲ, ಸ್ವಲ್ಪ ತಿದ್ದಿದೆ. ಕನ್ನಪ್ಪನಿಗೆ ನಗು ಬರಲಿ ಎಂದು ಸರ್ಕಾರಿ ಕಾಗದದ ಧಾಟಿಯಲ್ಲಿ ಹೀಗೆ ಬರೆದೆ: ‘ಬಿಸಿ ತಾಗುವ ತನಕ ಸೆಡೆತ ಕಾಲನ್ನು ಬೆಂಕಿಯಿಂದ ತೆಗೆಯಕೂಡದು. ಇದು ಅವ್ವನ ಅಪ್ಪಣೆ. ಮೀರತಕ್ಕದ್ದಲ್ಲ.’ ವಾಕ್ಯ ಚೆನ್ನಾಗಿ ಬಂದಿದೆ ಅನ್ನಿಸಿತ್ತು. ಎರಡು ಸಲ ಓದಿಕೊಂಡೆ.

ಮಂಜುಗಡ್ಡೆಯನ್ನು ನಾನು ಅಲ್ಲಿಯವರೆಗೆ ನೋಡಿದ್ದು ಒಂದೇ ಸಲ. ಮೈಸೂರಿನ ಒಂದು ಮದುವೆಯಲ್ಲಿ, ಶರಬತ್ತಿನ ಲೋಟದಲ್ಲಿ. ಅಂಗೈ ಮೇಲಿಟ್ಟುಕೊಂಡು ಕರಗುವುದನ್ನು ನೋಡಿದ್ದೆ.

ಡಿಸೆಂಬರ್ ಇಪ್ಪತ್ತೇಳಕ್ಕೆ ತಂತಿ ಬಂತು. ಆಮೇಲೆ ಬಂದ ಕಾಗದದಲ್ಲಿ, ಚಳಿಯಿಂದ ಕಾಲಿಗಾದ ಗಾಯ ವಿಷವಾಗಿ ಆಸ್ಪತ್ರೆಯಲ್ಲಿ ತೀರಿಕೊಂಡರು ಎಂದಿತ್ತು. ಮಾರ್ಚ್‌ನಲ್ಲಿ ಟ್ರಂಕು ಬಂತು. ಅದರಲ್ಲಿ ಎರಡು ಅಂಗಿ, ಕ್ಷೌರದ ಸಾಮಾನು, ನನ್ನ ಹಳೆಯ ಕಾಗದಗಳು, ಒಂದು ಉಣ್ಣೆಯ ಕಾಲುಚೀಲ ಇದ್ದವು. ಕಾಲುಚೀಲದ ಬೆರಳಿನ ಕಡೆ ಸುಟ್ಟು ಕಪ್ಪಾಗಿತ್ತು. ಗುಂಡು ತಾಗಿರಬೇಕು ಎಂದರು ಅತ್ತೆ. ಇರಬಹುದು ಎಂದುಕೊಂಡೆ. ಅಕ್ಟೋಬರ್‌ನಲ್ಲಿ ನಾನು ಬರೆದ ಕಾಗದ ಅದರಲ್ಲಿ ಇರಲಿಲ್ಲ.

ಅದು ಇರಲಿಲ್ಲ ಎಂಬುದನ್ನೇ ಅತ್ತೆ ಹಿಡಿದುಕೊಂಡರು.

“ಕಾಗದ ಮುಟ್ಟಿಲ್ಲ. ಮುಟ್ಟಿದ್ರೆ ಕಾಲು ಕಾಯಿಸ್ಕಳ್ತಿದ್ದ. ಬದುಕ್ತಿದ್ದ.”

ಮನೆಗೆ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದರು. ಪಕ್ಕದ ಮನೆಯ ಮೀನಾಕ್ಷಮ್ಮನಿಗೆ ಇದು ಬಾಯಿಪಾಠವಾಗಿತ್ತು. ಅಂಚೆಯವನು ಬೀದಿಯಲ್ಲಿ ಕಂಡರೆ ಅತ್ತೆ ಮುಖ ತಿರುಗಿಸುತ್ತಿದ್ದರು. ಆ ಸಿಟ್ಟು ಅವರನ್ನು ನಿಲ್ಲಿಸಿತ್ತು. ಅದಿಲ್ಲದಿದ್ದರೆ ಬಿದ್ದುಹೋಗುತ್ತಿದ್ದರು ಎಂದು ನನಗೆ ಗೊತ್ತಿತ್ತು. ನಾನು ಯಾವುದನ್ನೂ ಹಿಡಿದುಕೊಂಡಿರಲಿಲ್ಲ. ಶಾಲೆಗೆ ಹೋಗುತ್ತಿದ್ದೆ, ಬರುತ್ತಿದ್ದೆ.

ಪ್ರತಿ ಮುಚ್ಚಂಜೆ ಅತ್ತೆ ಒಲೆಯಿಂದ ಕೆಂಡ ತೆಗೆದು ಮಡಕೆಯ ಚೂರಿನಲ್ಲಿ ಹಾಕುತ್ತಿದ್ದರು. ಗೋಡೆಯಲ್ಲಿದ್ದ ಕನ್ನಪ್ಪನ ಫೋಟೋದ ಕೆಳಗೆ ಅದನ್ನು ಇಡುತ್ತಿದ್ದರು. ಇಂಥ ಪದ್ಧತಿ ಎಲ್ಲೂ ಇಲ್ಲ. ಮೀನಾಕ್ಷಮ್ಮ ಕೇಳಿದಾಗ, “ಚಳಿಯಾಗಿ ಸತ್ತೋನು. ಅವನಿಗೆ ದೀಪ ಎಂತಕ್ಕೆ? ಕಾಲಿಗೆ ಬಿಸಿ ಬೇಕು” ಎಂದರು.

ಜುಲೈ ಮೂರನೇ ವಾರ, ಶಾಲೆಯ ಊಟದ ಬಿಡುವಿನಲ್ಲಿ ಒಬ್ಬರು ಕೋಲೂರಿಕೊಂಡು ಬಂದರು. ಮೂವತ್ತರೊಳಗಿನ ವಯಸ್ಸು. ಕಾಲಿಗೆ ಗಿಡ್ಡದಾದ, ಮುಂದುಗಡೆ ಮೊಂಡಾದ ಬೂಟು.

“ಯಮುನಕ್ಕೋರು ಅಂದ್ರೆ ನೀವೇ ಏನ್ರಿ? ನಾನು ಶೇಷಪ್ಪ. ತೀರ್ಥಹಳ್ಳಿ ಕಡೆಯೋನು. ಕನ್ನಪ್ಪನ ಜೊತೆ ಇದ್ದೆ.”

ಕೂರಲು ಬೆಂಚು ತೋರಿಸಿದೆ. ನಾನು ಅವರ ಬೂಟು ನೋಡುತ್ತಿದ್ದುದು ಅವರಿಗೆ ಗೊತ್ತಾಯಿತು.

“ಹತ್ತೂ ಬೆರಳು ಹೋದ್ವು. ಉಗುರು ಕತ್ತರಿಸೋ ಕೆಲಸ ಉಳೀತು” ಎಂದರು. ನಗಲಿಲ್ಲ. ಜೇಬಿನಿಂದ ಒಂದು ಕಾಗದ ತೆಗೆದು ನನ್ನ ಕೈಗೆ ಕೊಟ್ಟರು.

ನನ್ನ ಕೈಬರಹ. ಅಕ್ಟೋಬರ್‌ನ ಕಾಗದ.

“ಮುಟ್ಟಿತ್ತಾ?” ಎಂದೆ.

“ಮುಟ್ಟಿತ್ತು. ನವೆಂಬರ್ ಮೊದಲ ವಾರ. ಗಟ್ಟಿಯಾಗಿ ಓದಿದ. ಅಲ್ಲಿ ಕನ್ನಡ ಬರ್ತಿದ್ದೋರು ನಾವಿಬ್ಬರೇ. ‘ಸೆಡೆತ ಕಾಲು’ ಅಂತ ಓದಿದ ಕೂಡ್ಲೆ ನಾನು ಎದ್ದು ಕೂತೆ. ನಮ್ಮ ಮನೇಲೂ ಹಂಗೇ ಅಂತಾರೆ. ಆ ಮಾತು ಕೇಳಿ ಎಷ್ಟು ದಿನ ಆಗಿತ್ತು! ಅಪ್ಪಣೆ ಅಂತ ಬೇರೆ ಬರೆದಿದ್ರಿ. ಬಿದ್ದು ಬಿದ್ದು ನಕ್ವಿ.”

“ಆಮೇಲೆ?”

ಅವರು ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು.

“ನಿಮ್ಗೆ ಯಾರೂ ಹೇಳಿಲ್ವಾ ಅಕ್ಕೋರೆ?”

“ಏನನ್ನು?”

“ಒಂದು ದಿನ ಹಿಮದಲ್ಲಿ ಸಿಕ್ಕಾಕ್ಕೊಂಡ್ವಿ. ಠಾಣೆಗೆ ಬರೋವಾಗ ಕಾಲು ಇದಾವೋ ಇಲ್ವೋ ಗೊತ್ತಿರ್ಲಿಲ್ಲ. ಪೆಟ್ಟಿಗೆ ಹಲಗೆ ಒಡೆದು ಬೆಂಕಿ ಹಾಕಿದ್ವಿ. ಕನ್ನಪ್ಪ, ‘ಅವ್ವನ ಅಪ್ಪಣೆ, ತಾಗೋ ತಂಕ ತೆಗಿಬಾರ್ದು’ ಅಂದ. ಹಿಡ್ಕೊಂಡು ಕೂತ್ವಿ. ಇಬ್ಬರೂ.”

ಅವರು ಬೂಟಿನ ಮೊಂಡು ತುದಿ ನೋಡಿಕೊಂಡರು.

“ತಾಗಲಿಲ್ಲ ಅಕ್ಕೋರೆ. ಕೂತೇ ಇದ್ವಿ. ಇನ್ನೂ ಹತ್ರ ಹಿಡಿದ್ವಿ. ವಾಸನೆ ಬಂತು. ಕಾಲುಚೀಲ ಸುಡ್ತಿದೆ ಅಂತ ಮಾಡಿದ್ವಿ.”

ಹೊರಗೆ ಮಕ್ಕಳು ಕೈ ತೊಳೆಯುತ್ತಿದ್ದರು. ಒಬ್ಬಳು ಇನ್ನೊಬ್ಬಳಿಗೆ ನೀರು ಎರಚಿ ಓಡಿದಳು.

“ಆಸ್ಪತ್ರೇಲಿ ಡಾಕ್ಟ್ರು ಹೇಳಿದ್ರು. ಅಷ್ಟು ಸೆಡೆತ ಕಾಲಿಗೆ ಬಿಸಿ ಅಂತ ತಿಳಿಯೋದೇ ಇಲ್ವಂತೆ. ಬೆಂಕಿಗೆ ಹಿಡಿಯಲೇಬಾರ್ದಂತೆ. ಉಗುರುಬೆಚ್ಚಗಿನ ನೀರಲ್ಲಿ ನಿಧಾನಕ್ಕೆ ಇಡಬೇಕಿತ್ತಂತೆ. ನನ್ನವು ಬೆರಳಿಗೆ ನಿಂತ್ವು. ಅವನವು ಹಿಮ್ಮಡಿವರೆಗೂ ಬೆಂದಿದ್ವು. ವಿಷ ಮೇಲೇರ್ತು.”

“ಅವರಿಗೆ ಇದು ಗೊತ್ತಿತ್ತಾ? ಡಾಕ್ಟರು ಹೇಳಿದ್ದು?”

“ಇಬ್ಬರಿಗೂ ಒಟ್ಟಿಗೇ ಹೇಳಿದ್ದು. ಪಕ್ಕಪಕ್ಕದ ಮಂಚ.” ನನ್ನ ಕೈಯಲ್ಲಿದ್ದ ಕಾಗದ ತೋರಿಸಿದರು. “ಕೊನೇಗೆ ಈ ಕಾಗದ ನನ್ನ ಕೈಗೆ ಕೊಟ್ಟ. ‘ಅವ್ವ ಹೇಳಿದಂಗೇ ಮಾಡ್ದೆ ಅಂತ ಅವ್ವಂಗೆ ಹೇಳು’ ಅಂದ.”

“ಡಾಕ್ಟರು ಹೇಳಿದ ಮೇಲೂ ಹಾಗೆಂದರಾ?”

“ಮೇಲೇ ಅಂದದ್ದು. ಅವ್ವನ ಮಾತು ಕೇಳೋನಲ್ಲ ಅಂತ ಊರಲ್ಲಿ ಹೆಸರಂತೆ ಅವನಿಗೆ. ಕೇಳ್ದೆ ಅಂತ ಗೊತ್ತಾಗ್ಲಿ ಅಂದ.”

ಕಾಗದದ ಮಡಿಕೆಗಳಲ್ಲಿ ಹಾಳೆ ಹರಿಯುತ್ತಿತ್ತು. ನಾನು ಅದನ್ನು ಮಡಚಿದೆ, ಬಿಡಿಸಿದೆ, ಮತ್ತೆ ಮಡಚಿದೆ.

“ಶೇಷಪ್ಪನವರೇ, ಅವರ ತಾಯಿ ನನ್ನ ಜೊತೆ ಇದ್ದಾರೆ. ಈ ಕಾಗದ ಮುಟ್ಟಲಿಲ್ಲ ಅಂತ ನಂಬಿದ್ದಾರೆ. ಹಾಗೆ ನಂಬಿಕೊಂಡೇ ಬದುಕಿದ್ದಾರೆ. ದಯವಿಟ್ಟು ಮನೆಗೆ ಬರಬೇಡಿ. ತೀರ್ಥಹಳ್ಳಿಗೆ ಎರಡೂವರೆಗೆ ಬಸ್ಸಿದೆ.”

ಅವರ ಮುಖ ಸಣ್ಣದಾಯಿತು. “ಸಾಯೋನಿಗೆ ಕೊಟ್ಟ ಮಾತು ಅಕ್ಕೋರೆ. ಎರಡು ವರ್ಷ ಆಗ್ತಾ ಬಂತು. ನಡೆಯಕ್ಕೆ ಕಲ್ತ ಮೇಲೆ ಮೊದಲು ಹೊರಟದ್ದು ಇಲ್ಲಿಗೆ.”

“ಕೈ ಮುಗೀತೀನಿ.”

“ಛೆ, ಮುಗಿಬ್ಯಾಡಿ. ಡಾಕ್ಟ್ರು ಅಂದದ್ದು ಹೇಳಲ್ಲ. ನನ್ನ ಕಾಲು ಹ್ಯಾಂಗಾಯ್ತು ಅಂತ ಹೇಳಲ್ಲ. ಅವ್ವ ಹೇಳಿದಂಗೇ ಮಾಡ್ದ ಅಂತ ಅಷ್ಟೇ ಹೇಳಿ ಏಳ್ತೀನಿ. ತಾಯಿಗೆ ಅದು ಸಮಾಧಾನ ಅಲ್ವಾ?”

ನಾನು ಒಪ್ಪಿದೆ. ಅಷ್ಟು ಹೇಳಿದರೆ ಏನೂ ಆಗದು ಅನ್ನಿಸಿತು. ಒಪ್ಪದೆ ಇನ್ನೇನು ಮಾಡಬಹುದಿತ್ತು ಎಂದು ಈಗಲೂ ಹೊಳೆದಿಲ್ಲ.

ಶಾಲೆ ಬಿಟ್ಟ ಮೇಲೆ ಅವರನ್ನು ಮನೆಗೆ ಕರೆದುಕೊಂಡು ಹೋದೆ. ಅತ್ತೆ ಆಗಲೇ ಕೆಂಡ ತುಂಬಿ ಫೋಟೋದ ಕೆಳಗೆ ಇಟ್ಟಿದ್ದರು. ಕನ್ನಪ್ಪನ ಜೊತೆಗಿದ್ದವರು ಎಂದದ್ದೇ ತಡ, ಅತ್ತೆ ಗಡಿಬಿಡಿಯಿಂದ ಎದ್ದರು.

“ಬನ್ನಿ ಗೌಡ್ರೆ, ಬನ್ನಿ. ಯಮುನಾ, ಕಾಪಿ ಕಾಸೇ. ಬೆಲ್ಲ ಮೇಲಿನ ಡಬ್ಬೀಲದೆ. ಕೋಲು ಇತ್ಲಾಗೆ ಕೊಡಿ. ನಂ ಹುಡುಗ ನಿಮ್ಗೆ ಕಾಟ ಕೊಟ್ಟನಾ? ಉಣ್ಣಕ್ಕೆ ಕೂತ್ರೆ ಇನ್ನೊಬ್ಬರ ಬಾಳೆಲೆ ನೋಡೋ ಚಾಳಿ ಅವಂದು.”

“ಹೌದಮ್ಮ. ನನ್ನ ಪಾಲಿನ ಬೆಲ್ಲ ಎಲ್ಲ ಅವನೇ ತಿಂದ.”

“ಅದೇ ಮತ್ತೆ!” ಅತ್ತೆ ತೊಡೆ ತಟ್ಟಿ ನಕ್ಕರು. ಎರಡು ವರ್ಷದಲ್ಲಿ ಅವರು ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಒಲೆಯ ಮುಂದೆ ನಿಂತೇ ಕೇಳಿಸಿಕೊಂಡೆ.

ಕಾಫಿ ಕುಡಿದು ಶೇಷಪ್ಪ ಲೋಟ ಕೆಳಗಿಟ್ಟರು. “ಅಮ್ಮ, ಅವನು ಒಂದು ಮಾತು ಹೇಳಿ ಕಳಿಸಿದ್ದ. ‘ಅವ್ವ ಹೇಳಿದಂಗೇ ಮಾಡ್ದೆ ಅಂತ ಅವ್ವಂಗೆ ಹೇಳು’ ಅಂದ.”

ಅತ್ತೆ ಮುಂದಕ್ಕೆ ಬಾಗಿದರು. “ಕಾಗದ ಮುಟ್ಟಿತ್ತಾ?”

“ಮುಟ್ಟಿತ್ತು.”

“ಮುಟ್ಟಿತ್ತಂತೆ ಕಣೇ ಯಮುನಾ! ಕೇಳಿದ್ಯಾ? ನಾ ಸುಮ್ನೆ ಆ ಅಂಚೆಯೋನಿಗೆ ಶಾಪ ಹಾಕ್ದೆ. ಬೆಂಕಿ ಕಾಯಿಸ್ದಾ?”

“ಕಾಯಿಸ್ದ ಅಮ್ಮ.” ಶೇಷಪ್ಪ ಏಳಲು ಕೋಲಿಗೆ ಕೈ ಚಾಚಿದರು.

ಅತ್ತೆ ಕೋಲು ಕೊಡಲಿಲ್ಲ. ಮುಖದಲ್ಲಿ ನಗು ಇನ್ನೂ ಇತ್ತು. ಆದರೆ ಕಣ್ಣುಗಳು ಬೇರೆ ಏನನ್ನೋ ನೋಡುತ್ತಿದ್ದವು.

“ಕಾಯಿಸ್ದ ಮೇಲೆ ಹ್ಯಾಂಗೆ ಸತ್ತ?”

ಅತ್ತೆ ಶೇಷಪ್ಪನ ಬೂಟು ನೋಡಿದರು. ಮೊಂಡಾದ ಆ ತುದಿಗಳನ್ನೇ ನೋಡಿದರು. ನಲವತ್ತು ಮಳೆಗಾಲ ನಟ್ಟಿ ಮಾಡಿದವರು ಅವರು. ಎಷ್ಟು ಹೆಂಗಸರ ಕೈಗಳನ್ನು ಹಿಡಿದು ಬೆಂಕಿಗೆ ಒಡ್ಡಿದ್ದರೋ.

“ತಾಗ್ತು ಅಂದ್ನಾ?” ಎಂದು ಕೇಳಿದರು.

ಶೇಷಪ್ಪ ನನ್ನ ಕಡೆ ನೋಡಿದರು.

“ಅವಳನ್ನ ಎಂತಕ್ಕೆ ನೋಡ್ತೀಯ ಮಗಾ? ನನಗೆ ಹೇಳು. ನನ್ನ ಹುಡುಗ ತಾಗ್ತು ಅಂದ್ನಾ?”

“ಅಮ್ಮ...”

“ನೀನು ಅಂದ್ಯಾ?”

“ಇಲ್ಲಮ್ಮ.”

ಅತ್ತೆ ಕೋಲನ್ನು ಅವರ ಕೈಗೆ ಕೊಟ್ಟರು. ಎದ್ದು ಬಚ್ಚಲಿಗೆ ಹೋಗಿ ಒಂದು ಚೆಂಬು ನೀರು ತಂದರು. ಫೋಟೋದ ಕೆಳಗಿದ್ದ ಕೆಂಡದ ಮೇಲೆ ಸುರಿದರು. ಬೂದಿ ಹಾರಿ ಅವರ ಸೀರೆಯ ಮೇಲೆ, ಫೋಟೋದ ಗಾಜಿನ ಮೇಲೆ ಕೂತಿತು. ಮಡಕೆಯ ಚೂರು ಸೀಳಿಹೋಯಿತು.

ಶೇಷಪ್ಪ ಹೋಗುವಾಗ ಬಾಗಿಲಲ್ಲಿ ನಿಂತು, “ನಾನು ಹೇಳಲಿಲ್ಲ ಅಕ್ಕೋರೆ” ಎಂದರು. ಹೌದು ಎಂದೆ.

ಮರುದಿನದಿಂದ ಅತ್ತೆ ಊಟ ಬಿಟ್ಟರು. ಹಟ ಮಾಡಿ ಬಿಟ್ಟದ್ದಲ್ಲ. ತಟ್ಟೆಯ ಮುಂದೆ ಕೂರುತ್ತಿದ್ದರು. ಕೈ ಅನ್ನದ ಹತ್ತಿರ ಹೋಗಿ ನಿಲ್ಲುತ್ತಿತ್ತು. ಬೆರಳುಗಳನ್ನು ನೋಡುತ್ತಾ ಕೂತು, ಎದ್ದುಬಿಡುತ್ತಿದ್ದರು. ಒಲೆಯ ಹತ್ತಿರ ಬರುತ್ತಿರಲಿಲ್ಲ. ಬಚ್ಚಲಲ್ಲಿ ತಣ್ಣೀರು ಸುರಿದುಕೊಳ್ಳುತ್ತಿದ್ದರು.

ಎರಡನೇ ದಿನ, “ಮಗನ ಕಾಲು ನಾನೇ ಸುಟ್ಟೆ” ಎಂದರು. ಒಂದೇ ಸಲ. ಯಾರಿಗೂ ಹೇಳಿದ ಹಾಗಿರಲಿಲ್ಲ.

ಮೀನಾಕ್ಷಮ್ಮ ಗಂಜಿ ತಂದು ಬಾಯಿಗೆ ಹಿಡಿದರು. “ನುಂಗಿ ಗುತ್ಯಮ್ಮ, ದೇವರಾಣೆ, ಒಂದು ಗುಟುಕು” ಎಂದರು. ಗಂಜಿ ಗಲ್ಲದ ಮೇಲೆ ಇಳಿಯಿತು. ದುಗ್ಗಪ್ಪ ಬಾವನಿಗೆ ಬಸ್ಸಿನವರ ಕೈಯಲ್ಲಿ ಹೇಳಿ ಕಳಿಸಿದೆ. ನಟ್ಟಿ ನಡೆಯುತ್ತಿದ್ದುದರಿಂದ ಅವರು ಕೂಡಲೇ ಬರಲಿಲ್ಲ.

ನಾಲ್ಕನೇ ದಿನ ಅತ್ತೆಗೆ ಎದ್ದು ನಿಲ್ಲಲು ಆಗಲಿಲ್ಲ. ನಾನು ಶಾಲೆಗೆ ಹೋಗಲಿಲ್ಲ. ಅವರ ಪಕ್ಕದಲ್ಲಿ ಕೂತಿದ್ದೆ. ಅವರ ಕೈ ಮುಟ್ಟಿದೆ, ತಣ್ಣಗಿತ್ತು. ಮನೆಯಲ್ಲಿ ಇನ್ನೊಬ್ಬರು ಹೋಗುತ್ತಾರೆ ಎಂದು ಗೊತ್ತಾಯಿತು. ಕನ್ನಪ್ಪನ ಬಗ್ಗೆ ಮಾತಾಡಲು ನನಗಿದ್ದವರು ಅವರೊಬ್ಬರೇ. ಏನು ಮಾಡಿದರೆ ಅವರು ಒಂದು ತುತ್ತು ನುಂಗಿಯಾರು ಎಂದು ಯೋಚಿಸಿದೆ. ದಾರಿ ಒಂದೇ ಇತ್ತು.

“ಅತ್ತೆ, ನೀವು ಹಾಗೆ ಹೇಳಲಿಲ್ಲ.”

ಕಣ್ಣು ತೆರೆದರು.

“ಬೆಂಕಿ ಕಾಯಿಸಲಿ ಅಂತ ಅಷ್ಟೇ ನೀವು ಹೇಳಿದ್ದು. ಬಿಸಿ ತಾಗುವ ತನಕ ತೆಗೆಯಬಾರದು ಅಂತ ಬರೆದದ್ದು ನಾನು.”

“ನಾ ಹೇಳ್ದೆ. ನೆನಪದೆ.”

“ಇಲ್ಲ. ಅದು ಗದ್ದೆಯಲ್ಲಿ ಹೆಂಗಸರೆಲ್ಲ ಹೇಳುವ ಮಾತು. ನೀವು ದಿನಾ ಹೇಳುವ ಮಾತು. ಅದಕ್ಕೇ ಅವತ್ತೂ ಹೇಳಿದೆ ಅಂತ ನಿಮಗೆ ಅನ್ನಿಸುತ್ತಿದೆ. ಕಾಗದಕ್ಕೆ ನಾನೇ ಸೇರಿಸಿದೆ.”

“ಸುಳ್ಳು.”

ನಾನು ಕಾಗದ ತಂದೆ. ಬೆಳಕಿಗೆ ಹಿಡಿದು ಓದಿದೆ. “‘ಬಿಸಿ ತಾಗುವ ತನಕ ಸೆಡೆತ ಕಾಲನ್ನು ಬೆಂಕಿಯಿಂದ ತೆಗೆಯಕೂಡದು. ಇದು ಅವ್ವನ ಅಪ್ಪಣೆ. ಮೀರತಕ್ಕದ್ದಲ್ಲ.’ ಇದು ನಿಮ್ಮ ಮಾತಾ ಅತ್ತೆ? ಅಪ್ಪಣೆ ಅಂತ ನೀವು ಯಾವತ್ತಾದರೂ ಅಂದಿದ್ದೀರಾ?”

ಅವರು ಕಾಗದದ ಮೇಲೆ ಬೆರಳಿಟ್ಟರು.

“ಇನ್ನೊಂದ್ ಸಲ ಓದು.”

ಓದಿದೆ.

“ಮೀರತಕ್ಕದ್ದಲ್ಲ,” ಎಂದು ಅವರು ನಿಧಾನವಾಗಿ, ಬೇರೆಯವರ ಮನೆಯ ಪಾತ್ರೆ ಎತ್ತಿ ನೋಡುವಂತೆ ಅಂದರು. “ಇದು ನನ್ನ ಮಾತಲ್ಲ. ಓದಿದೋರ ಮಾತು.”

“ಹೌದು.”

“ನಾ ಬರೀ ಬೆಂಕಿ ಕಾಯಿಸು ಅಂದೆ.”

“ಹೌದು ಅತ್ತೆ.”

“ತಾಗೋ ತಂಕ ಅಂತ ನೀನು ಬರ್ದೆ.”

“ನಾನು ಬರೆದೆ.”

ಅವರು ನನ್ನನ್ನೇ ನೋಡಿದರು. ಆ ನೋಟದಲ್ಲಿ ಏನಿತ್ತು ಎಂದು ಹೇಳಲಾರೆ. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

“ಮೀನಾಕ್ಷಮ್ಮನ್ನ ಕರಿ. ಗಂಜಿ ತರಕ್ಕೆ ಹೇಳು.”

“ನಾನು ಮಾಡಿದ್ದು ಇದೆ ಅತ್ತೆ, ಬಿಸಿಯಾಗಿದೆ.”

“ಮೀನಾಕ್ಷಮ್ಮನ್ನ ಕರಿ.”

ಕರೆದೆ. ಗೋಡೆಯ ಕಡೆ ಮುಖ ಮಾಡಿಕೊಂಡೇ ಎದ್ದು ಕೂತು, ಅರ್ಧ ಬಟ್ಟಲು ಕುಡಿದರು. ನಾನು ಅಡಿಗೆ ಕೋಣೆಯಲ್ಲಿ ನಿಂತು, ಅವರು ನುಂಗುವ ಸದ್ದನ್ನು ಎಣಿಸಿದೆ. ಹನ್ನೊಂದು ಗುಟುಕು.

ಆ ವಾರವೆಲ್ಲ ಮೀನಾಕ್ಷಮ್ಮನ ಮನೆಯಿಂದಲೇ ಊಟ ಬಂತು. ನನ್ನ ಕೈಯಿಂದ ನೀರೂ ಮುಟ್ಟಲಿಲ್ಲ. ಮೀನಾಕ್ಷಮ್ಮನಿಗೆ ಅತ್ತೆ ಹೇಳುವುದು ನನಗೆ ಕೇಳಿಸುತ್ತಿತ್ತು. “ಕಾಗದ ಮುಟ್ಟಿತ್ತು. ಇವಳು ತಪ್ಪು ಬರ್ದಿದ್ಲು.” ಮರುದಿನ ಇನ್ನೊಬ್ಬರು ಬಂದಾಗಲೂ ಅದನ್ನೇ ಹೇಳಿದರು. ಮೂರು ನಾಲ್ಕು ಸಲ ಹೇಳುವ ಹೊತ್ತಿಗೆ ಅವರ ಧ್ವನಿ ಗಟ್ಟಿಯಾಗಿತ್ತು.

ಭಾನುವಾರ ದುಗ್ಗಪ್ಪ ಬಾವ ಬಂದರು. ಅವರ ಕೈ ಚರ್ಮ ಕೆಸರು ನೀರಿಗೆ ಬೆಳ್ಳಗೆ ನೆರಿಗೆಗಟ್ಟಿತ್ತು. ಅತ್ತೆಯ ಗಂಟು ಆಗಲೇ ಕಟ್ಟಿತ್ತು. ಕನ್ನಪ್ಪನ ಫೋಟೋವನ್ನು ಸೀರೆಯಲ್ಲಿ ಸುತ್ತಿಕೊಂಡಿದ್ದರು. ನಮ್ಮಿಬ್ಬರ ಹತ್ತಿರವಿದ್ದ ಒಂದೇ ಫೋಟೋ ಅದು. ನಾನು ಕೇಳಲಿಲ್ಲ.

ಸಾಗರದ ಬಸ್ಸು ಬರುವವರೆಗೆ ಜೊತೆಯಲ್ಲಿ ನಿಂತೆ. ಬಾವ ಗಂಟನ್ನು ಮೇಲೆ ಹಾಕಿಸಲು ಹೋದರು. ಅತ್ತೆ ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು ನಿಂತರು.

“ಅಷ್ಟು ಓದಿದ್ಯಲ್ಲೇ ನೀನು,” ಎಂದರು.

ಬಸ್ಸು ಹತ್ತಿದರು. ಕಿಟಕಿಯ ಹತ್ತಿರ ಕೂತು ಆಚೆ ಕಡೆಗೆ ನೋಡುತ್ತಿದ್ದರು. ಬಸ್ಸು ಆನಂದಪುರದ ದಾರಿ ಹಿಡಿಯಿತು.

ಆಮೇಲೆ ಎರಡು ಸಲ ಅಲ್ಲಿಗೆ ಹೋದೆ. ಮೊದಲ ಸಲ ಅತ್ತೆ ಗದ್ದೆಗೆ ಹೋಗಿದ್ದಾರೆ ಎಂದರು ಬಾವ. ಎರಡನೇ ಸಲ ಅವರು ಒಳಗೇ ಇದ್ದರು. ಹುರುಳಿ ಕೇರುವ ಸದ್ದು ಕೇಳಿಸುತ್ತಿತ್ತು. ಹೊರಗೆ ಬರಲಿಲ್ಲ. “ಉಣ್ತಾರಾ ಬಾವ?” ಎಂದು ಕೇಳಿದೆ. “ಎರಡು ಹೊತ್ತೂ ಉಣ್ತಾಳೆ. ಮೈ ಹಿಡಿದದೆ” ಎಂದರು. ಇನ್ನು ಬರುವುದು ಬೇಡ ಎಂದು ಅವರೂ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ.

ಉಳಿದಿದ್ದ ಚೀಟಿಯನ್ನು ಆಗಸ್ಟ್ ಕೊನೆಯಲ್ಲಿ ತುಂಬಿದೆ.

ಪದ: ಸೆಡೆ. ಅರ್ಥ: ಚಳಿಗೆ ಮರಗಟ್ಟು. ಪ್ರಯೋಗ: ಬಿಸಿ ತಾಗುವ ತನಕ ಸೆಡೆತ ಕಾಲನ್ನು ಬೆಂಕಿಯಿಂದ ತೆಗೆಯಕೂಡದು. ಹೇಳಿದವರು: ಯಮುನಮ್ಮ. ಊರು: ರಿಪ್ಪನ್‌ಪೇಟೆ.

ಇಪ್ಪತ್ತನ್ನೂ ಒಟ್ಟಿಗೆ ಕಟ್ಟಿ ಮೈಸೂರಿಗೆ ಕಳಿಸಿದೆ. ಹದಿನೈದು ದಿನದಲ್ಲಿ ಗುರುಗಳ ಕಾರ್ಡು ಬಂತು. ಹತ್ತೊಂಬತ್ತು ಚೀಟಿಗಳು ಬಹಳ ಚೆನ್ನಾಗಿವೆ ಎಂದು ಬರೆದಿದ್ದರು. ‘ಸೆಡೆ ಪದ ಇನ್ನೂ ಬದುಕಿದೆ ಎಂದು ಕಂಡು ಸಂತೋಷವಾಯಿತು. ಆದರೆ ಹೇಳಿದವರು ಎಂಬಲ್ಲಿ ನಿನ್ನದೇ ಹೆಸರಿದೆ. ವಾಕ್ಯವೂ ಆಡುಮಾತಿನ ಹಾಗಿಲ್ಲ. ನಿಯಮ ಮರೆತೆಯಾ? ಇದನ್ನು ಬೇರೆ ಯಾರ ಬಾಯಲ್ಲಾದರೂ ಕೇಳಿದ್ದರೆ ಅವರ ಹೆಸರು, ಊರು ತಿಳಿಸು. ತಿದ್ದಿಕೊಳ್ಳುತ್ತೇನೆ.’

ಕಾರ್ಡನ್ನು ಎರಡು ದಿನ ಇಟ್ಟುಕೊಂಡಿದ್ದೆ. ಗುತ್ಯಮ್ಮ, ಆನಂದಪುರ ಎಂದು ಬರೆಯಲು ಒಂದು ಸಾಲೂ ಬೇಕಿರಲಿಲ್ಲ. ಮೈಸೂರಿನ ಯಾವುದೋ ಪೆಟ್ಟಿಗೆಯಲ್ಲಿ ಆ ಚೀಟಿ ಇರುತ್ತದೆ. ಅತ್ತೆ ಅದನ್ನು ಎಂದೂ ನೋಡುವುದಿಲ್ಲ, ನೋಡಿದರೂ ಅವರಿಗೆ ಓದಲು ಬರುವುದಿಲ್ಲ.

ಮೂರನೇ ದಿನ ಉತ್ತರ ಬರೆದೆ.

‘ಬೇರೆ ಯಾರೂ ಹೇಳಿಲ್ಲ. ನಾನೇ ಹೇಳಿದ್ದು.’